ಒಬ್ಬರಿಗೆ ಒಂದೇ ಹೆಸರು

ಹೋದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಭಾಂಡುಪ್ ಸ್ಟೇಷನ್ನಿನಿಂದ ಮನೆಗೆ ಬರುವಷ್ಟರಲ್ಲಿ ತೊಪ್ಪೆಯಾಗಿದ್ದಳು. ಅವಳು ನೆನೆದದ್ದು ಹಾಗಿರಲಿ, ಚೀಲದಲ್ಲಿದ್ದ ಕಾಲೇಜಿನ ಸರ್ಟಿಫಿಕೇಟುಗಳೂ ನೆನೆದಿದ್ದವು. ಮಾರನೆಯ ದಿನವೇ ಇಂಟರ್‌ವ್ಯೂ. ಹುಡುಗಿ ಅಳುವುದೊಂದು ಬಾಕಿ. ಅವನ್ನು ಇಸಿದುಕೊಂಡು, ಮೇಲೊಂದು ಹಳೆಯ ಪಂಚೆಯ ತುಂಡು ಹಾಸಿ, ಸಣ್ಣ ಬಿಸಿಯಲ್ಲಿ ಇಸ್ತ್ರಿ ತೀಡಿದೆ. ಕಾದ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ‘ಅಜ್ಜೀ, ಜಲ್ ಜಾಯೇಗಾ, ಸುಟ್ಟುಹೋಗುತ್ತೆ!’ ಎಂದು ಅವಳು ಕೂಗಿಕೊಂಡಾಗಲೇ ಎಚ್ಚರವಾದದ್ದು.

ಕಾಗದವನ್ನು ಇಸ್ತ್ರಿ ಮಾಡಿ ಒಣಗಿಸುವ ವಿದ್ಯೆಯನ್ನು ನಾನು ಕಲಿತದ್ದು ಮುಂಬಯಿಯ ಫೋರ್ಟಿನ ಒಂದು ಹಳೆಯ ಲೈಬ್ರರಿಯಲ್ಲಿ, ಐವತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ. ಅಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು. ಕಾರ್ಡಿನ ನೆತ್ತಿಯ ಮೇಲೆ ಬರೆದವರ ಹೆಸರು, ಕೆಳಗೆ ಪುಸ್ತಕದ ಹೆಸರು. ಹೆಸರುಗಳ ಅಕ್ಷರಾನುಕ್ರಮದಲ್ಲಿ ಸಾವಿರಾರು ಕಾರ್ಡುಗಳು ಉದ್ದುದ್ದದ ಮರದ ಡ್ರಾಯರುಗಳಲ್ಲಿ ನಿಂತಿರುತ್ತಿದ್ದವು. ಮುಂಬಯಿಯ ಮಳೆ ಹಿಡಿಯಿತೆಂದರೆ ಕಾರ್ಡು ಉಬ್ಬುತ್ತಿತ್ತು, ಮರವೂ ಉಬ್ಬುತ್ತಿತ್ತು. ತೆರೆದ ಡ್ರಾಯರು ಮುಚ್ಚದು, ಮುಚ್ಚಿದ್ದು ತೆರೆಯದು. ಆಗ ಕೆಂಡದ ಇಸ್ತ್ರಿ ಪೆಟ್ಟಿಗೆ ತರಿಸಿ ಕಾರ್ಡುಗಳನ್ನು ಒಣಗಿಸಲು ಕೂರುತ್ತಿದ್ದೆವು. ಓದಿ ಬಿ.ಎ. ಮಾಡಿಕೊಂಡು ಮಗಳು ದೋಭಿ ಕೆಲಸಕ್ಕೆ ಸೇರಿದಳೆಂದು ನನ್ನ ತಾಯಿ ಹಂಗಿಸುತ್ತಿದ್ದರು.

ನಮ್ಮದು ಮೈಸೂರು ಕಡೆ. ತಂದೆಗೆ ರೈಲ್ವೆ ಆಫೀಸಿನಲ್ಲಿ ಕೆಲಸ, ವರ್ಗವಾಗಿ ಮುಂಬಯಿಗೆ ಬಂದು ಮಾಟುಂಗದ ಒಂದು ಬಿಲ್ಡಿಂಗಿನಲ್ಲಿ ಬಿಡಾರ ಹೂಡಿದ್ದೆವು. ನನ್ನ ಹೆಸರು ವಿಮಲಾ. ಅಷ್ಟೇ ಹೆಸರು, ಅದರ ಮುಂದೆ ಅಪ್ಪನ ಹೆಸರಿನ ಒಂದು ಅಕ್ಷರ. ಲೈಬ್ರರಿಗೆ ಸೇರಿದ ದಿನ ಹಾಜರಿ ಬರೆಯುವವರು ‘ಸರ್‌ನೇಮ್?’ ಎಂದು ಕೇಳಿದರು. ಇಲ್ಲ ಎಂದೆ. ಇಲ್ಲದೆ ಇರುವುದು ಹೇಗೆ ಎಂದು ಅವರೇ ಅಪ್ಪನ ಹೆಸರನ್ನು ಎತ್ತಿ ನನಗೆ ಅಂಟಿಸಿದರು. ಅಂದಿನಿಂದ ಇಡೀ ಲೈಬ್ರರಿಗೆ ನಾನು ‘ಮಿಸ್ ಶ್ರೀಕಂಠಯ್ಯ’. ಮೀಸೆಯೊಂದನ್ನು ಅಂಟಿಸುವುದು ಬಾಕಿ ಇತ್ತು.

ನಮ್ಮ ಮುಖ್ಯಸ್ಥೆ ಮಿಸ್ ಬಾಟ್ಲಿವಾಲಾ ಎಂಬ ಪಾರ್ಸಿ ಹೆಂಗಸು. ಐವತ್ತು ದಾಟಿದ ವಯಸ್ಸು, ಕಡ್ಡಿಯಂಥ ಮೈ, ಒಳ್ಳೆಯ ಮನಸ್ಸು. ಆಕೆ ವಿದೇಶದಲ್ಲಿ ಒಂದು ವರ್ಷ ತರಬೇತಿ ಮುಗಿಸಿಕೊಂಡು ಆಗತಾನೆ ಮರಳಿದ್ದರು. ಬರುವಾಗ ತಂದದ್ದು ಒಂದು ನಿಯಮದ ಪುಸ್ತಕ, ಒಂದು ದೊಡ್ಡ ಆಸೆ. ಎಲ್ಲ ದೇಶಗಳ ದೊಡ್ಡ ಲೈಬ್ರರಿಗಳೂ ಲೇಖಕರ ಹೆಸರನ್ನು ಒಂದೇ ರೀತಿಯಲ್ಲಿ ಬರೆಯಬೇಕು. ಲಂಡನ್ನಿನಲ್ಲಿ ಹುಡುಕಿದವನಿಗೂ ಮುಂಬಯಿಯಲ್ಲಿ ಹುಡುಕಿದವನಿಗೂ ಒಂದೇ ಜಾಗದಲ್ಲಿ ಒಂದೇ ಹೆಸರು ಸಿಗಬೇಕು. ಅದಕ್ಕಾಗಿ ಭಾರತದ ಭಾಷೆಗಳ ಹೆಸರುಗಳನ್ನು ಸರಿಪಡಿಸಿ ಕಳಿಸುವ ಕೆಲಸವನ್ನು ಆಕೆ ಒಪ್ಪಿಕೊಂಡು ಬಂದಿದ್ದರು. ಕನ್ನಡ ಓದಬಲ್ಲವಳು ನಾನೊಬ್ಬಳೇ. ಕನ್ನಡದ ಕಪಾಟುಗಳೆಲ್ಲ ನನ್ನ ತಲೆಗೆ ಬಂದವು.

‘ಒಬ್ಬರಿಗೆ ಒಂದೇ ಹೆಸರು, ಡಿಕ್ರಾ. ಇಬ್ಬರಿಗೆ ಒಂದೇ ಹೆಸರು ಇರಕೂಡದು, ಒಬ್ಬರಿಗೆ ಎರಡು ಇರಕೂಡದು. ಇಷ್ಟು ನೆನಪಿಟ್ಟುಕೋ, ಬಾಕಿ ಎಲ್ಲಾ ಸುಲಭ’ ಎಂದರು ಆಕೆ, ತಮ್ಮ ಮುಂಬಯಿ ಹಿಂದಿಯಲ್ಲಿ. ಡಿಕ್ರಾ ಎಂದರೆ ಅವರ ಮಾತಿನಲ್ಲಿ ಮಗು.

ಸುಲಭವಂತೆ! ಸೀಸೆ ಮಾರಿದ ಅಜ್ಜನ ಕಸುಬನ್ನೇ ಹೆಸರಿನ ಬಾಲಕ್ಕೆ ಕಟ್ಟಿಕೊಂಡವರಿಗೆ ಸುಲಭವೇ. ನಮ್ಮ ಲೇಖಕರಲ್ಲಿ ಒಬ್ಬರಿಗೆ ಊರೇ ಹೆಸರು, ಒಬ್ಬರಿಗೆ ಕಾವ್ಯನಾಮವೇ ಹೆಸರು, ಇನ್ನೊಬ್ಬರು ಪುಸ್ತಕಕ್ಕೊಂದು ಹೆಸರಿಟ್ಟುಕೊಂಡವರು. ಕೊನೆಯಲ್ಲಿದ್ದ ಪದವನ್ನೇ ಸರ್‌ನೇಮ್ ಎಂದು ಹಿಡಿದರೆ ರಾಯರೆಲ್ಲ ಒಂದೇ ಡ್ರಾಯರಿನಲ್ಲಿ ಬಂದು ತುಂಬಿಕೊಂಡರು. ಅಲ್ಲಿ ಬೆರಳು ತೂರಿಸಲೂ ಜಾಗವಿಲ್ಲ. ವಿಷಯಗಳ ಪಾಡೂ ಅಷ್ಟೇ. ಬಾಣಂತಿಯ ಆರೈಕೆಯ ಬಗ್ಗೆ ಒಬ್ಬ ಅಜ್ಜಿ ಬರೆದ ಪುಸ್ತಕಕ್ಕೆ ಆ ವಿದೇಶಿ ಪಟ್ಟಿಯಲ್ಲಿ ‘ಮೂಢನಂಬಿಕೆಗಳು’ ಎಂಬುದಲ್ಲದೆ ಬೇರೆ ಜಾಗವಿರಲಿಲ್ಲ. ನಾನು ಜಗಳವಾಡಿ ಅದನ್ನು ವೈದ್ಯಕ್ಕೆ ಸೇರಿಸಿದೆ. ಹೊರಗೆ ಬೀದಿಯಲ್ಲಿ ಮುಂಬಯಿ ಯಾರಿಗೆ ಸೇರಬೇಕೆಂದು ಮೆರವಣಿಗೆ, ಒಳಗೆ ಯಾವ ಕಾರ್ಡು ಎಲ್ಲಿಗೆ ಸೇರಬೇಕೆಂದು ನಮ್ಮಿಬ್ಬರ ಜಗಳ. ಆ ಕೆಲಸದಲ್ಲಿ ನನಗೆ ಖುಷಿ ಇತ್ತು, ಇಲ್ಲವೆನ್ನಲಾರೆ.

ಸಂಜೆ ವಿ.ಟಿ. ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ಮನೆಗೆ ಬಂದರೆ, ಆ ದಿನದ ಕತೆಯನ್ನೆಲ್ಲ ಪಕ್ಕದ ಮನೆಯ ರುಕ್ಮಿಣಿಬಾಯಿಗೆ ಹೇಳಬೇಕು. ಇಲ್ಲದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಅವರು ಮಂಗಳೂರಿನ ಕೊಂಕಣಿಗರು. ಬಿಲ್ಡಿಂಗಿನವರೆಲ್ಲ ಮರಾಠಿಯವರ ರೂಢಿಯಂತೆ ಅವರನ್ನು ಕಾಕು ಎಂದೂ ಅವರ ಯಜಮಾನರಾದ ಪಾಂಡುರಂಗ ಶೆಣೈಯವರನ್ನು ಕಾಕಾ ಎಂದೂ ಕರೆಯುತ್ತಿದ್ದೆವು. ಕಾಕಾ ಸ್ಟೇಷನ್ ಹತ್ತಿರದ ಹೋಟೆಲೊಂದರ ಮ್ಯಾನೇಜರು, ಇಡೀ ದಿನ ಗಲ್ಲೆಯ ಮೇಲೆ ದುಡ್ಡಿನ ಪೆಟ್ಟಿಗೆ ಕಾಯುತ್ತ ಕೂರುವವರು. ಒಬ್ಬಳೇ ಮಗಳು, ಮದುವೆಯಾಗಿ ಕಾರ್ಕಳದಲ್ಲಿದ್ದಳು. ಮಾತು ಕಮ್ಮಿಯ ಮನೆ. ಗಂಡ ಹೆಂಡತಿಯನ್ನು ಕರೆಯುತ್ತಿದ್ದುದು ‘ಕೇಳಿತಾ?’ ಎಂದು, ಹೆಂಡತಿ ಗಂಡನನ್ನು ಕರೆಯುತ್ತಿದ್ದುದೂ ‘ಕೇಳಿತಾ?’ ಎಂದೇ. ತೆಳ್ಳನೆಯ ಗೋಡೆಯ ಆಚೆಯಿಂದ ನನಗೆ ಕೇಳುತ್ತಿದ್ದುದು ಅದೊಂದೇ ಮಾತು. ಗಂಡನ ಹೆಸರು ಹೆಂಡತಿ ಹೇಳಿದರೆ ಅವನ ಆಯುಷ್ಯಕ್ಕೆ ಕೇಡು ಎಂದು ಆಗಿನವರ ನಂಬಿಕೆ. ಹೆಂಡತಿಯ ಹೆಸರು ಗಂಡ ಹೇಳುವುದಕ್ಕೆ ಏನು ಅಡ್ಡಿಯಿತ್ತೋ, ನಾನು ಕಾಣೆ. ನಮ್ಮ ಅಪ್ಪನೂ ಹೇಳುತ್ತಿರಲಿಲ್ಲ.

ಶ್ರಾವಣ ಹತ್ತಿರವಿದ್ದ ಒಂದು ಸಂಜೆ. ಕಾಕು ಅಡಿಗೆಮನೆಯಲ್ಲಿ ಕೂತು ಪತ್ರೊಡೆಗೆಂದು ಕೆಸುವಿನ ಎಲೆಗೆ ಹಿಟ್ಟು ಸವರುತ್ತಿದ್ದರು. ನಾನು ಹೊಸ್ತಿಲಲ್ಲಿ ಕೂತು ಆ ದಿನ ಸಿಕ್ಕಿದ ಒಂದು ತೆಳ್ಳನೆಯ ಕಥೆಗಳ ಪುಸ್ತಕದ ಸುದ್ದಿ ಹೇಳುತ್ತಿದ್ದೆ. ಮಂಗಳೂರಿನಲ್ಲಿ ಅಚ್ಚಾದದ್ದು, ಬರೆದವಳು ಕುಮಾರಿ ಮಂದಾಕಿನಿ.

‘ನಮ್ ಕಡೆ ಎಲ್ಲಾ ಓದ್ತಾರಲ್ಲ ಕಾಕು, ಧಾರವಾಡದ ಮಂದಾಕಿನಿ, ಕಾದಂಬರಿ ಬರೀತಾರಲ್ಲ, ಅವರದೇ ಚಿಕ್ಕಂದಿನ ಪುಸ್ತಕ ಇರ್ಬೇಕು. ಫಾರಿನ್ನಿನ ಪಟ್ಟೀಲೂ ಹಾಗೇ ಹಾಕಿದಾರೆ. ಅವರ ಕಾರ್ಡಿನ ಜೊತೆ ಸೇರಿಸಿಬಿಟ್ಟೆ’ ಎಂದೆ.

ಹಿಟ್ಟಿನ ಕೈ ಎಲೆಯ ಮೇಲೆಯೇ ನಿಂತಿತು. ಕಾಕು ತಲೆಯೆತ್ತಲಿಲ್ಲ.

‘ಅದು ಅವಳದ್ದಲ್ಲ ಮಾರಾಯ್ತಿ’ ಎಂದರು. ‘ಅದು ನನ್ನದು.’

ಮೊದಲು ನನಗೆ ಅರ್ಥವೇ ಆಗಲಿಲ್ಲ. ಬಾಗಿಲು ಮುಂದೆ ಮಾಡಿ ಬಾ ಎಂದು ಸನ್ನೆ ಮಾಡಿ, ಕಾಕು ಹೇಳಿದರು. ತವರಿನಲ್ಲಿ ಅವರ ಹೆಸರು ಮಂದಾಕಿನಿ. ಅವರ ಜಾತಿಯಲ್ಲಿ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ: ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡು ತನ್ನ ಉಂಗುರದ ಅಂಚಿನಿಂದ ಆ ಹೆಸರನ್ನು ಅಕ್ಕಿಯ ಮೇಲೆ ಬರೆಯುತ್ತಾನೆ. ಗಂಡು ಪಾಂಡುರಂಗನಾದ ಮೇಲೆ ಹೆಣ್ಣು ರುಕ್ಮಿಣಿಯೇ ಆಗಬೇಕು, ಆದಳು. ಹಳೆಯ ಹೆಸರು ತವರಿನಲ್ಲೇ ಉಳಿಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಇಲ್ಲಿ ಹೆಣ್ಣು ತನಗೆ ತಾನೇ ಹೊರಗಾಗಬೇಕು. ಅದಕ್ಕೂ ಮೊದಲು, ಹುಡುಗಿಯಾಗಿದ್ದಾಗ, ಬರೆದ ಕಥೆಗಳನ್ನು ಅವರ ತಂದೆ ಪ್ರೀತಿಯಿಂದ ಅಚ್ಚು ಹಾಕಿಸಿದ್ದರು. ಗಂಡು ಹುಡುಕುವ ಕಾಲ ಬಂದಾಗ ಅದೇ ತಂದೆಗೆ ಹೆದರಿಕೆ ಹುಟ್ಟಿತು. ಕಥೆ ಬರೆಯುವ ಹುಡುಗಿ ಎಂದು ಗೊತ್ತಾದರೆ ಯಾರು ಒಪ್ಪಿಯಾರು? ಉಳಿದ ಪ್ರತಿಗಳು ಅಟ್ಟ ಸೇರಿದವು.

‘ಗಂಡನ ಮನೆಯಲ್ಲಿ ಅದರ ಸುದ್ದಿ ಎತ್ತಬೇಡ ಅಂತ ಅಪ್ಪ ನನ್ನ ಕೈ ಹಿಡಿದು ಹೇಳಿದ್ರು’ ಎಂದರು ಕಾಕು. ‘ನಾನು ಎತ್ಲಿಲ್ಲ. ಮೂವತ್ತು ವರ್ಷದ ಮೇಲಾಯ್ತು. ಇವರಿಗೆ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಆ ಪುಸ್ತಕ ಎಲ್ಲಿಯೂ ಇಲ್ಲ ಅಂತ ತಿಳ್ಕೊಂಡಿದ್ದೆ. ಈಗ ನೋಡಿದ್ರೆ ನಿಮ್ಮಲ್ಲಿ ಉಂಟು, ಅದೂ ಬೇರೆಯವಳ ಹೆಸರಲ್ಲಿ.’

ಆಮೇಲೆ ಕೇಳಿದರು: ‘ಅದನ್ನು ನನ್ನ ಹೆಸರಿಗೆ ಮಾಡ್ಲಿಕ್ಕೆ ಆಗ್ತದಾ?’

ಅವರು ಯಾರ ಬಳಿಯೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಒಂದು ಹಿಡಿ ಸಕ್ಕರೆಗೂ ಪಕ್ಕದ ಮನೆಗೆ ಹೋದವರಲ್ಲ. ಆಗದೇ ಏನು, ನಾಳೆಯೇ ಮಾಡುತ್ತೇನೆ ಎಂದು ಹೇಳಿ ಬಂದೆ.

ಮಿಸ್ ಬಾಟ್ಲಿವಾಲಾಗೆ ಹೇಳಿದಾಗ ಆಕೆಗೆ ಆಶ್ಚರ್ಯವೋ ಆಶ್ಚರ್ಯ. ‘ಬದುಕಿದ್ದಾಳೆ? ನಿಮ್ಮ ಪಕ್ಕದ ಮನೆಯಲ್ಲಿ? ಅರೇ, ಸತ್ತ ಲೇಖಕರೇ ನಮಗೆ ಅನುಕೂಲ, ಹೆಸರು ಬದಲಾಯಿಸೋದಿಲ್ಲ’ ಎಂದು ನಕ್ಕರು. ಆದರೆ ನಿಯಮದ ಪುಸ್ತಕ ತೆರೆದ ಮೇಲೆ ನಗು ಹೋಯಿತು. ವಿದೇಶದ ಲೈಬ್ರರಿ ಇಬ್ಬರನ್ನೂ ಒಬ್ಬಳೆಂದೇ ಹಾಕಿಕೊಂಡಿದೆ. ಅದನ್ನು ಒಡೆಯಬೇಕಾದರೆ, ಈಕೆಯನ್ನು ಆ ಹೆಸರಿನಿಂದ ಬಲ್ಲವರು ಯಾರಾದರೂ ಬಂದು ಹೇಳಬೇಕು. ಅದಾದ ಮೇಲೆ ಇನ್ನೊಂದು ಪ್ರಶ್ನೆ: ಜನ ಈಗ ಆಕೆಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಕಾರ್ಡು ಆ ಹೆಸರಿಗೇ ಹೋಗಬೇಕು. ಹಳೆಯ ಹೆಸರಿನ ಜಾಗದಲ್ಲಿ ದಾರಿ ತೋರಿಸುವ ಒಂದು ಚೀಟಿ ಇಡಬಹುದು: ‘ಮಂದಾಕಿನಿ: ಶೆಣೈ, ರುಕ್ಮಿಣಿಬಾಯಿ ಎಂಬಲ್ಲಿ ನೋಡಿ.’ ಮಳೆ ಮುಗಿಯುವುದರೊಳಗೆ ಕಾರ್ಡುಗಳ ಪೆಟ್ಟಿಗೆ ಹಡಗು ಹತ್ತಬೇಕಿತ್ತು.

ಇದನ್ನು ಕಾಕುಗೆ ಹೇಳಿದೆ. ಅವರು ನಕ್ಕುಬಿಟ್ಟರು, ಕಣ್ಣಲ್ಲಿ ನೀರಿತ್ತು.

‘ಅಂದ್ರೆ ಮಂದಾಕಿನಿಯನ್ನು ಹುಡುಕಿಕೊಂಡು ಬಂದವರಿಗೆ, ಅವಳು ಶೆಣೈಯವರ ಮನೆ ಸೇರಿದ್ದಾಳೆ, ಅಲ್ಲಿ ಹೋಗಿ ನೋಡಿ ಅಂತ ಹೇಳ್ತೀರಾ? ಅಷ್ಟು ಮದುವೆಯಲ್ಲೇ ಆಗಿದೆ ಅಲ್ವಾ ವಿಮಲಾ, ಅದಕ್ಕೆ ಲೈಬ್ರರಿ ಎಂತಕ್ಕೆ?’ ಕಣ್ಣೊರೆಸಿಕೊಂಡು ಮತ್ತೆ ಹೇಳಿದರು: ‘ರುಕ್ಮಿಣಿ ಒಂದು ಸಾಲೂ ಬರೆದವಳಲ್ಲ. ಅವಳು ಪತ್ರೊಡೆ ಮಾಡ್ತಾಳೆ, ಉಪ್ಪಿನಕಾಯಿ ಹಾಕ್ತಾಳೆ. ಪುಸ್ತಕ ಬರೆದ ಹುಡುಗಿ ಬೇರೆ. ಅವಳ ಹೆಸರಿಗೇ ಇರ್ಲಿ. ಆಗದಿದ್ರೆ ಬಿಡು.’

ಆಗದಿದ್ದರೆ ಬಿಡು ಎಂದು ಅವರು ಅಂದ ರೀತಿಗೆ ನನಗೆ ಸಿಟ್ಟೇ ಬಂತು. ಆದರೆ ಸಾಕ್ಷಿ ಹೇಳುವವರು ಯಾರಿದ್ದರು? ತಂದೆತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಇದ್ದೊಬ್ಬ ಅಣ್ಣನೂ ಹೋಗಿದ್ದ. ಜೊತೆಯಲ್ಲಿ ಓದಿದವರು ಎಲ್ಲೆಲ್ಲಿ, ಯಾವ ಯಾವ ಹೊಸ ಹೆಸರಿನಲ್ಲಿದ್ದರೋ. ಆ ಹೆಸರನ್ನು ಬಲ್ಲವರಲ್ಲಿ ಉಳಿದವರು ಒಬ್ಬರೇ, ಅದನ್ನು ತೆಗೆದು ಅಕ್ಕಿಯ ಮೇಲೆ ಬೇರೆ ಬರೆದವರು.

‘ಕಾಕಾನಿಗೇ ಹೇಳಿಬಿಡಿ ಕಾಕು. ಇಷ್ಟು ವರ್ಷ ಆದ್ಮೇಲೆ ಏನಂತಾರೆ?’ ಎಂದು ಬೆನ್ನುಬಿದ್ದೆ. ದಿನಾ ಹೇಳಿದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ, ನೀನೂ ಬಂದು ಕೂತ್ಕೋ ಎಂಬ ಷರತ್ತಿನ ಮೇಲೆ ಒಪ್ಪಿದರು.

ಕಾಕಾ ಊಟ ಮುಗಿಸಿ ಜೋಕಾಲಿಯ ಮೇಲೆ ಕೂತು ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದರು. ಕಾಕು ಗೋಡೆಗೆ ಒರಗಿ ನಿಂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದರು. ಅಡಕತ್ತರಿಯ ಸದ್ದು ನಿಂತಿತು. ಹೊರಗೆ ಮಳೆ ಧೋ ಎನ್ನುತ್ತಿತ್ತು. ಕಾಕಾ ಕೇಳಿದ್ದು ಒಂದೇ:

‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?’

‘ಅಪ್ಪ ಬೇಡ ಅಂದಿದ್ರು.’

ಕಾಕಾ ಎದ್ದರು. ಕೋಟು ಹಾಕಿಕೊಂಡರು, ಟೋಪಿ ಇಟ್ಟುಕೊಂಡರು, ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು. ಭಾನುವಾರ ಮಧ್ಯಾಹ್ನ ಅವರು ಹೋಟೆಲಿಗೆ ಹೋಗುವವರಲ್ಲ. ಕಾಕು ನನ್ನ ಕಡೆ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಅದರಲ್ಲಿ ದೂರಿರಲಿಲ್ಲ, ಬರೀ ಹೆದರಿಕೆ.

ಆಮೇಲೆ ಗೋಡೆಯ ಆಚೆ ಇದ್ದೊಂದು ಮಾತೂ ನಿಂತುಹೋಯಿತು. ಕಾಕಾ ಬೆಳಿಗ್ಗೆ ಹೋಗುವರು, ಸಂಜೆ ಬರುವರು, ಬಡಿಸಿದ್ದನ್ನು ಉಣ್ಣುವರು. ನಾನು ಹೋದರೆ ಕಾಕು ಮೊದಲಿನಂತೆಯೇ ಮಣೆ ಹಾಕುತ್ತಿದ್ದರು. ಲೈಬ್ರರಿಯ ಮಾತು ಮಾತ್ರ ತೆಗೆಯಬೇಡ ಎನ್ನುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಹಿರಿಯರು ಯಾವ ಬಾಯಿಂದ ಹೇಳಿದರೋ. ಆ ಬಂಗಾರಕ್ಕಿಷ್ಟು ಬೆಂಕಿ ಹಾಕ ಎಂದು ನಾನು ಒಳಗೊಳಗೇ ಬೈದುಕೊಂಡೆ.

ಮುಂದಿನ ವಾರ, ಇಸ್ತ್ರಿ ಪೆಟ್ಟಿಗೆಯ ಮುಂದೆ ನಾನು ಕೂತಿದ್ದಾಗ ಪ್ಯೂನ್ ಬಂದು, ‘ಶ್ರೀಕಂಠಯ್ಯ ಬಾಯೀ, ಕೋಯಿ ಮಿಲ್ನೇ ಆಯಾ ಹೈ’ ಎಂದ. ನನ್ನನ್ನು ಕಾಣಲು ಬಂದವರು ಯಾರೆಂದು ನೋಡಿದರೆ ಕಾಕಾ. ಕೊಡೆಯಿಂದ ನೀರು ಸೋರುತ್ತಿದೆ, ಧೋತರ ಮೊಣಕಾಲಿನವರೆಗೆ ಒದ್ದೆ. ಹೋಟೆಲಿನ ಗಲ್ಲೆ ಬಿಟ್ಟು ಅವರು ಫೋರ್ಟಿಗೆ ಬಂದದ್ದು ಅದೇ ಮೊದಲಿರಬೇಕು. ‘ಹೆಸರಿನ ವಿಷಯ ಯಾರ ಹತ್ರ ಹೇಳ್ಬೇಕು?’ ಎಂದು ಕೇಳಿದರು.

ಮಿಸ್ ಬಾಟ್ಲಿವಾಲಾ ಅವರನ್ನು ಕೂರಿಸಿದರು. ಕಾಕಾ ಕುರ್ಚಿಯ ಅಂಚಿನಲ್ಲಿ ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಿಯಲ್ಲಿ ತಡವರಿಸಿ, ನಡುನಡುವೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

‘ನನಗೆ ಗೊತ್ತಿತ್ತು. ಮದುವೆಗೆ ಮೊದ್ಲೇ ಗೊತ್ತಿತ್ತು. ಆ ಪುಸ್ತಕ ಮಂಗಳೂರಲ್ಲಿ ನಮ್ಮ ರೂಮಿನಲ್ಲಿದ್ದ ಸ್ನೇಹಿತನ ಹತ್ರ ಇತ್ತು. ದೋಣಿ ದಾಟಿಸುವ ಹೆಂಗಸಿನ ಒಂದು ಕತೆ ಉಂಟು ಅದರಲ್ಲಿ. ಓದಿ ನಾನು ಅತ್ತಿದ್ದೆ. ಆ ಹುಡುಗಿಯ ಜಾತಕ ಬಂದಾಗ ಮನೆಯಲ್ಲಿ ಬೇಡ ಅಂದ್ರು, ಬಡವರ ಮನೆ ಅಂತ. ನಾನೇ ಹಟ ಮಾಡಿದೆ.’

‘ಮತ್ತೆ ಕಾಕುಗೆ ಯಾಕೆ ಹೇಳಲಿಲ್ಲ?’ ನನಗೆ ತಡೆಯಲಾಗಲಿಲ್ಲ.

‘ಪುಸ್ತಕ ಓದಿದ್ದೇನೆ ಅಂತ ಮಾವನಿಗೆ ಹೇಳಿದ್ದೆ. ಅವರು ಬಂದು ನನ್ನ ಕೈ ಹಿಡ್ಕೊಂಡ್ರು. ಹುಡುಗಿ ಅದನ್ನೆಲ್ಲ ಬಿಟ್ಟಿದ್ದಾಳೆ, ದಯವಿಟ್ಟು ಆ ಸುದ್ದಿ ಎತ್ತಬೇಡಿ, ಅವಳಿಗೆ ನಾಚಿಕೆ ಆಗ್ತದೆ ಅಂದ್ರು. ನಾನು ಮಾತು ಕೊಟ್ಟೆ. ಅವಳಾಗಿ ಎತ್ತಲಿ ಅಂತ ಕಾದೆ. ಮೊದಮೊದಲು ಊರಿಂದ ಕಾಗದ, ಶಾಯಿ ಎಲ್ಲ ತಂದು ಮೇಜಿನ ಮೇಲೆ ಇಡ್ತಿದ್ದೆ, ಬರೀಲಿ ಅಂತ. ಅವಳು ಅದರಲ್ಲಿ ಅಗಸನ ಲೆಕ್ಕ ಬರೀತಿದ್ಲು. ನಿಜವಾಗಿಯೂ ಬಿಟ್ಟಿದ್ದಾಳೆ ಅಂತ ತಿಳ್ಕೊಂಡೆ ನಾನು.’

ಒಬ್ಬ ತಂದೆ, ಮಗಳ ಮೇಲಿನ ಪ್ರೀತಿಯಿಂದಲೇ, ಇಬ್ಬರ ಬಾಯಿಗೂ ಬೀಗ ಹಾಕಿ ಹೋಗಿದ್ದ. ಇವರಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಗುಟ್ಟನ್ನು, ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಮುದುಕರಾಗುತ್ತಿದ್ದರು. ನಾನು ಮಾಡಿದ ಭಾಷಾಂತರವನ್ನು ಕೇಳಿ ಮಿಸ್ ಬಾಟ್ಲಿವಾಲಾ ಕನ್ನಡಕ ತೆಗೆದು ಒರೆಸಿಕೊಂಡರು.

ಆದರೂ ಕೇಳಬೇಕಾದ್ದನ್ನು ಆಕೆ ಕೇಳಲೇಬೇಕಿತ್ತು. ‘ಈಗ ಅವರನ್ನು ಯಾವ ಹೆಸರಿನಿಂದ ಕರೀತಾರೆ ಶೆಣೈ ಸಾಹೇಬರೇ? ರುಕ್ಮಿಣಿಬಾಯಿ ಅಂತಲ್ಲವೇ?’

ಕಾಕಾ ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಕೂತು ಹೇಳಿದರು:

‘ಹೊರಗಿನವರು ಕರೀಬಹುದು. ಮನೆಯಲ್ಲಿ ನಾನು ಮಂದಾಕಿನಿ ಅಂತಲೇ ಕರೆಯೋದು.’

ಗೋಡೆಯ ಈಚೆ ವರ್ಷಗಟ್ಟಲೆ ಕಿವಿ ತೆರೆದಿಟ್ಟುಕೊಂಡಿದ್ದ ನಾನು ಬಾಯಿ ಬಿಡಲಿಲ್ಲ. ಮಿಸ್ ಬಾಟ್ಲಿವಾಲಾ ಕಾರ್ಡು ಎಳೆದುಕೊಂಡು ತಾವೇ ಬರೆದರು: ‘ಮಂದಾಕಿನಿ, ಮಂಗಳೂರಿನವರು.’ ಧಾರವಾಡದವರಿಂದ ಬೇರೆ ಎಂದು ತಿಳಿಯಲು ಕೆಳಗೊಂದು ಸಾಲು. ಮೇಲೆ ಶೆಣೈ ಇಲ್ಲ, ರುಕ್ಮಿಣಿ ಇಲ್ಲ, ಎಲ್ಲಿಗೂ ಕಳಿಸುವ ಚೀಟಿ ಇಲ್ಲ. ಅದರ ಇನ್ನೊಂದು ಪ್ರತಿ ಆ ವಾರವೇ ಹಡಗಿಗೆ ಹೋಗುವ ಪೆಟ್ಟಿಗೆ ಸೇರಿತು. ಮುಂದೆ ಎಷ್ಟೋ ವರ್ಷಗಳ ನಂತರ ವಿದೇಶದಲ್ಲಿ ಅಚ್ಚಾಗಿ ಬಂದ, ಲೇಖಕರ ಹೆಸರುಗಳ ದಪ್ಪ ಪುಸ್ತಕದಲ್ಲಿ ಆಕೆ ಹಾಗೆಯೇ ಒಬ್ಬಳೇ ಇದ್ದುದನ್ನು ನಾನು ನೋಡಿದೆ.

ಕಾಕಾನನ್ನು ಬಾಗಿಲವರೆಗೆ ಬಿಡಲು ಹೋದೆ. ‘ಈಗ್ಲೇ ಹೋಗಿ ಕಾಕುಗೆ ಹೇಳ್ತೀನಿ, ಎಷ್ಟು ಹೆದರಿಕೊಂಡಿದ್ದಾರೆ ಗೊತ್ತಾ?’ ಎಂದೆ.

‘ಬೇಡ ಮಗು’ ಎಂದರು. ‘ನಾನೇ ಹೇಳ್ತೇನೆ. ಬರುವ ಆದಿತ್ಯವಾರ. ಎರಡು ದಿನ ಕೊಡು.’ ಕೊಡೆ ಬಿಚ್ಚುತ್ತ, ನಾಚಿಕೆಯಿಂದ ನಕ್ಕರು. ‘ಕರೆದು ಅಭ್ಯಾಸ ಇಲ್ಲ ನೋಡು. ಬಾಯಿಗೆ ಬರಬೇಕಲ್ಲ.’

ಮಾರನೆಯ ಸಂಜೆ ನಾನು ಹೋದಾಗ ಕಾಕು ದೇವರ ಪಟಕ್ಕೆ ದೊಡ್ಡದೊಂದು ಅಬ್ಬಲಿಗೆ ಮಾಲೆ ಹಾಕುತ್ತಿದ್ದರು. ‘ಇವರು ತಂದು ಮೇಜಿನ ಮೇಲಿಟ್ಟು ಹೋದ್ರು. ಮಾತಿಲ್ಲ ಕತೆಯಿಲ್ಲ. ಇವತ್ತು ಎಂತ ವಿಶೇಷವೋ’ ಎಂದರು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಒಂದು ದಿನ ತಾನೇ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಹೋಟೆಲಿನ ಗಲ್ಲೆಯ ಮೇಲೆ ಕೂತಿದ್ದವರು ಹಾಗೆಯೇ ಮುಂದಕ್ಕೆ ಬಾಗಿದರಂತೆ. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನು ಸ್ಟೇಷನ್ನಿನಲ್ಲಿ ಇಳಿದು ಬಂದರೆ ಬಿಲ್ಡಿಂಗಿನ ಮುಂದೆ ಜನ. ಆ ಮಳೆಯಲ್ಲಿ ಹೋಟೆಲಿನ ಮಾಣಿಗಳೆಲ್ಲ ಮೈಗಂಟಿದ ಒದ್ದೆ ಬಿಳಿ ಬಟ್ಟೆಯಲ್ಲಿ ನಿಂತು ಅಳುತ್ತಿದ್ದರು.

ಕಾಕು ಅಳಲಿಲ್ಲ. ಸುತ್ತ ಹೆಂಗಸರು ತುಂಬಿದ್ದರು. ನಾನು ಹತ್ತಿರ ಹೋಗಿ ಕೂತಾಗ ನನ್ನ ಕಿವಿಯ ಬಳಿ ಮೆಲ್ಲನೆ ಹೇಳಿದರು: ‘ನಾನು ಹೇಳಬಾರದಿತ್ತು. ಆ ದಿನದಿಂದ ಅವರು ನನ್ನ ಮುಖ ನೋಡ್ಲಿಲ್ಲ. ನಾನೇ ಕೊಂದೆ.’

ಇಲ್ಲ ಕಾಕು ಎಂದೆ. ಇಲ್ಲ ಎಂದು ಮಾತ್ರ ಹೇಳಿದೆ. ಅಷ್ಟು ಜನರ ನಡುವೆ ಇನ್ನೇನು ಹೇಳುವುದು? ಮಗಳು ಅಳಿಯ ಬಂದರು, ನೆಂಟರು ಬಂದರು. ಕರ್ಮಾಂತರ ಮುಗಿಯುವವರೆಗೂ ಆ ಮನೆಯಲ್ಲಿ ಕಾಕು ಒಬ್ಬರೇ ಸಿಗಲಿಲ್ಲ. ಕುಂಕುಮ ಹೋಯಿತು, ಬಳೆ ಹೋಯಿತು. ನಾನು ಕಾರ್ಡುಗಳ ಮುಂದೆ ಕೂತರೆ ಅಕ್ಷರಗಳು ಕಾಣುತ್ತಿರಲಿಲ್ಲ. ಒಂದು ದಿನ ಮಿಸ್ ಬಾಟ್ಲಿವಾಲಾ ನನ್ನ ಕೈಯಿಂದ ಲೇಖನಿ ಕಿತ್ತುಕೊಂಡು, ‘ಮನೆಗೆ ಹೋಗು ಡಿಕ್ರಾ, ಇವತ್ತೇ ಹೇಳು’ ಎಂದು ಕಳಿಸಿದರು.

ಆಗ ಮಳೆ ಹಿಂದೆ ಸರಿಯುತ್ತಿತ್ತು. ಮಳೆಗಾಲಕ್ಕೆ ನಿಂತಿದ್ದ ಮಂಗಳೂರಿನ ಹಡಗು ಮತ್ತೆ ಶುರುವಾದೊಡನೆ ತಾಯಿಯನ್ನು ಕರೆದುಕೊಂಡು ಹೋಗುವುದೆಂದು ಮಗಳು ಗಂಟು ಕಟ್ಟುತ್ತಿದ್ದಳು. ಆ ಮಧ್ಯಾಹ್ನ ಅವಳು ಪೇಟೆಗೆ ಹೋಗಿದ್ದಳು. ಕಾಕು ಬರಿದಾದ ಜೋಕಾಲಿಯ ಕೆಳಗೆ, ನೆಲದ ಮೇಲೆ ಕೂತಿದ್ದರು. ನಾನು ಎದುರಿಗೆ ಕೂತು, ಕಾಕಾ ಲೈಬ್ರರಿಗೆ ಬಂದದ್ದನ್ನು ಹೇಳಿದೆ. ದೋಣಿಯವಳ ಕತೆ ಓದಿ ಅತ್ತದ್ದನ್ನು ಹೇಳಿದೆ. ಹಟ ಮಾಡಿ ಮದುವೆಯಾದದ್ದನ್ನು, ಮಾವನಿಗೆ ಕೊಟ್ಟ ಮಾತನ್ನು, ಮೇಜಿನ ಮೇಲಿಟ್ಟ ಕಾಗದ ಶಾಯಿಯನ್ನು, ಕಾದದ್ದನ್ನು, ಆ ಆದಿತ್ಯವಾರವನ್ನು, ಎಲ್ಲವನ್ನೂ ಹೇಳಿದೆ.

ಅವರು ಅಲುಗಾಡದೆ ಕೇಳಿದರು. ಕಾಗದ ಶಾಯಿಯ ಮಾತು ಬಂದಾಗ ಒಮ್ಮೆ ಕಣ್ಣು ಮುಚ್ಚಿ, ‘ಅಯ್ಯೋ ದೇವರೇ, ಅದು ಮನೆ ಲೆಕ್ಕಕ್ಕೆ ಅಂತ ತಿಳ್ಕೊಂಡೆ’ ಎಂದರು. ಮುಗಿದ ಮೇಲೆ ಕಾರ್ಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಎಳೆಯ ಹುಡುಗಿಯೊಬ್ಬಳು ಕೇಳುವಷ್ಟು ಸಂಕೋಚದಿಂದ ಕೇಳಿದರು:

‘ಅವರು ನನ್ನ ಹೆಸರು ಹೇಳಿದ್ರಾ? ಬಾಯಿಬಿಟ್ಟು?’

‘ಹೇಳಿದ್ರು ಕಾಕು.’

‘ಹೇಗೆ ಹೇಳಿದ್ರು? ನನಗೆ ಅವರು ಹೇಳಿದ್ದು ಕೇಳಿ ಗೊತ್ತಿಲ್ಲ. ಹಾಗೆಯೇ ಒಮ್ಮೆ ಹೇಳು, ವಿಮಲಾ.’

ನನಗೆ ಅವರ ಧ್ವನಿ ಎಲ್ಲಿಂದ ಬರಬೇಕು? ಆದರೂ, ಒದ್ದೆ ಧೋತರದಲ್ಲಿ ಕುರ್ಚಿಯ ಅಂಚಿಗೆ ನೆಟ್ಟಗೆ ಕೂತು ಅವರು ಹೇಳಿದ್ದನ್ನು ಕಣ್ಣ ಮುಂದೆ ತಂದುಕೊಂಡು, ಅಷ್ಟೇ ನಿಧಾನವಾಗಿ, ಒಂದೊಂದೇ ಅಕ್ಷರ ತೂಗಿ ಹೇಳಿದೆ.

‘ಮಂದಾಕಿನಿ.’

ಕಾಕು ಬಾಗಿಲ ಕಡೆಗೆ ತಿರುಗಿ, ‘ಓ’ ಎಂದರು.